ಬಂದ ಕಾಗದಗಳು ಮಾತ್ರ

ಮಗಳು ಜ್ಯಾಕ್ಸನ್ ಹೈಟ್ಸ್‌ನಲ್ಲಿ ಹಿಡಿದಿರುವ ಅಪಾರ್ಟ್‌ಮೆಂಟು ಹಳೆಯ ಕಾಲದ ಇಟ್ಟಿಗೆ ಕಟ್ಟಡದಲ್ಲಿದೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ, ಮಧ್ಯಾಹ್ನದ ಊಟವಾದ ಮೇಲೆ ಕಸದ ಚೀಲ ಹಿಡಿದುಕೊಂಡು ಕಾರಿಡಾರಿನ ಕೊನೆಯವರೆಗೆ ಹೋದೆ. ಗೋಡೆಯಲ್ಲಿ ಕಸ ಕೆಳಕ್ಕೆ ಬೀಳಿಸುವ ಕಬ್ಬಿಣದ ಸಣ್ಣ ಬಾಗಿಲು. ಹಿಡಿ ಜಗ್ಗಿದೆ. ಒಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು, ಅದರ ಜೊತೆ ಮಸಿಯ ವಾಸನೆ. ಈಗ ಇಲ್ಲಿ ಯಾರೂ ಕಸ ಸುಡುವುದಿಲ್ಲ. ಕೆಳಗೆ ಒಂದು ಯಂತ್ರ ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ, ಅಷ್ಟೆ. ಆದರೂ ವಾಸನೆ ಬಂತು. ಇಟ್ಟಿಗೆಯಲ್ಲಿ ಉಳಿದಿತ್ತೋ, ನನ್ನ ಮೂಗಿನಲ್ಲಿ ಉಳಿದಿತ್ತೋ ಹೇಳಲಾರೆ. ಚೀಲ ಕೈಯಲ್ಲೇ ಹಿಡಿದು ಎಷ್ಟು ಹೊತ್ತು ನಿಂತೆನೋ ಅದೂ ಗೊತ್ತಿಲ್ಲ.

ನೆನಪಾದದ್ದು ಎಪ್ಪತ್ತಮೂರರ ಕೊನೆಗೆ ಶುರುವಾಗಿ ಎಪ್ಪತ್ತನಾಲ್ಕರ ವಸಂತದವರೆಗೆ ಎಳೆದ ಚಳಿಗಾಲ. ನೆನಪಾಯಿತು ಎಂದು ಬರೆಯುವಾಗಲೇ ಕೈ ತಡೆಯುತ್ತದೆ. ಆ ವರ್ಷದ ಡೈರಿ ನನ್ನ ಹತ್ತಿರ ಇದೆ. ಹುಡುಗಿಯಾಗಿದ್ದಾಗಿನಿಂದ ದಿನವೂ ಏನಾದರೂ ಗೀಚುವ ಚಟ ನನ್ನದು. ತೆಗೆದು ನೋಡಿದರೆ ಅದರಲ್ಲಿ ಹಿಮ ಇದೆ, ಬಸ್ಸು ತಡವಾದದ್ದು ಇದೆ, ಒಗ್ಗರಣೆ ಸೀದದ್ದು ಇದೆ. ಮುಂದೆ ಹೇಳಲಿರುವುದರಲ್ಲಿ ಮುಕ್ಕಾಲು ಪಾಲು ಇಲ್ಲ. ಹಾಗಾಗಿ ಇದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನೂ ಅನುಮಾನದಿಂದಲೇ ಬರೆಯುತ್ತಿದ್ದೇನೆ.

ನಾವಾಗ ಜರ್ಸಿ ಸಿಟಿಯಲ್ಲಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಗಂಡ. ಅವರನ್ನು ಹೆಸರು ಹಿಡಿದು ಕರೆಯುವ ರೂಢಿ ಕೊನೆಯವರೆಗೂ ಬರಲಿಲ್ಲ. ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ. ಇವರು ಬಣ್ಣ ತಯಾರಿಸುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್. ನಸುಕಿನ ಶಿಫ್ಟು, ಮಧ್ಯಾಹ್ನ ಮನೆ. ಅದು ಕಾರುಗಳು ಪೆಟ್ರೋಲಿಗಾಗಿ ಬೀದಿ ಸುತ್ತಿ ಸಾಲು ನಿಲ್ಲುತ್ತಿದ್ದ ಚಳಿಗಾಲ. ಮನೆಗಳನ್ನು ಬಿಸಿ ಮಾಡುವ ಎಣ್ಣೆ ಉಳಿಸಬೇಕೆಂದು ನಮ್ಮ ಕಟ್ಟಡದ ಮಾಲೀಕ ಹೀಟ್ ಇಳಿಸಿದ್ದ. ಮನೆಯೊಳಗೆ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಇವರ ಹಳೆಯ ಕೋಟು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಇದ್ದದ್ದರಲ್ಲಿ ಮಾಡಿದ ಆ ತಟ್ಟೆಯಂಥ ವಸ್ತುವನ್ನು ರೊಟ್ಟಿ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದೆ. ಆ ಪದವಿಯಿಂದ ನ್ಯೂಜರ್ಸಿಯಲ್ಲಿ ಸಿಕ್ಕಿದ್ದು ಒಂದು ಕಾಲೇಜು ಲೈಬ್ರರಿಯ ನೆಲಮಾಳಿಗೆಯಲ್ಲಿ, ಹಸ್ತಪ್ರತಿ ವಿಭಾಗದಲ್ಲಿ, ಸಹಾಯಕಿಯ ಕೆಲಸ. ವಿಭಾಗ ಎಂದರೆ ಮಿಸ್ ಕ್ರೆಗನ್ ಎಂಬ ಒಬ್ಬ ಮುಖ್ಯಸ್ಥೆ, ಎರಡು ಉದ್ದ ಮೇಜು, ಗೋಡೆಯುದ್ದಕ್ಕೂ ಬೂದುಬಣ್ಣದ ರಟ್ಟಿನ ಪೆಟ್ಟಿಗೆಗಳು. ಕೆಲಸಕ್ಕೆ ಸೇರುವ ದಿನ ಆಕೆ, “ಅಮೆರಿಕದ ಲೇಖಕರು ಯಾರ್ಯಾರು ಗೊತ್ತು ನಿಮಗೆ?” ಎಂದು ಕೇಳಿದರು. ಪರೀಕ್ಷೆಗೆ ಓದಿದ ದೊಡ್ಡ ಹೆಸರುಗಳನ್ನೆಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನಕ್ಕರು.

“ಅವರ್ಯಾರೂ ಇಲ್ಲಿಗೆ ಬರುವುದಿಲ್ಲ. ಅವರ ಕಾಗದಪತ್ರ ದೊಡ್ಡ ಯೂನಿವರ್ಸಿಟಿಗಳಿಗೆ ಹೋಗುತ್ತವೆ. ನಮ್ಮಲ್ಲಿಗೆ ಬರುವವರು ನೀವು ಕೇಳಿರದವರು. ನಾನೂ ಕೇಳಿರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.”

ಸಣ್ಣ ಲೇಖಕರು. ಒಂದೋ ಎರಡೋ ಪುಸ್ತಕ ಬಂದು, ಊರಿನ ಪತ್ರಿಕೆಯಲ್ಲಿ ನಾಲ್ಕು ಒಳ್ಳೆಯ ಮಾತು ಬಂದು, ಆಮೇಲೆ ಏನೂ ಬಾರದೆ ತೀರಿಹೋದವರು. ಅವರ ವಿಧವೆಯರು, ತಂಗಿಯರು, ಮಕ್ಕಳು ಮನೆ ಖಾಲಿ ಮಾಡುವಾಗ ಎಸೆಯಲು ಮನಸ್ಸು ಬಾರದ್ದನ್ನೆಲ್ಲ ಕಾರಿನಲ್ಲಿ ತುಂಬಿ ನಮ್ಮ ಬಾಗಿಲಿಗೆ ತಂದು ಇಳಿಸುತ್ತಿದ್ದರು. ನನ್ನ ಕೆಲಸ ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ಮೆಲ್ಲಗೆ ಬಿಡಿಸುವುದು, ಮಡಿಕೆ ಬಿದ್ದ ಕಾಗದಗಳನ್ನು ಸಮ ಮಾಡುವುದು, ಯಾರು ಯಾರಿಗೆ ಬರೆದದ್ದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಫೋಲ್ಡರಿಗೆ ಸೇರಿಸುವುದು. ಲಾಂಡ್ರಿಯ ಚೀಟಿಯನ್ನೂ ಎಸೆಯುವಂತಿರಲಿಲ್ಲ. ಏನನ್ನೂ ಎಸೆಯಬಾರದು ಎಂಬುದೇ ಅಲ್ಲಿಯ ಮಡಿ.

ಆ ನವೆಂಬರಿನಲ್ಲಿ ಬಂದದ್ದು ಕೋರಾ ಹ್ಯಾಸ್ಲಿಂಗ್ ಎಂಬಾಕೆಯ ಕಾಗದಗಳು. ಮೂರು ಕಾದಂಬರಿ ಬರೆದಾಕೆ, ಮೂರೂ ಈಗ ಅಚ್ಚಿನಲ್ಲಿಲ್ಲ. ಹಿಂದಿನ ವಸಂತದಲ್ಲಿ ತೀರಿಕೊಂಡಿದ್ದರು. ಪೆಟ್ಟಿಗೆಗಳ ಜೊತೆ ಬಂದವರು ಆಕೆಯ ಗಂಡ ಮಿಸ್ಟರ್ ಹ್ಯಾಸ್ಲಿಂಗ್. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಎತ್ತರದ ಮುದುಕ. ಕಿವಿ ಮುಚ್ಚುವ ಟೋಪಿ, ಮೊಣಕೈ ಸವೆದ ಕೋಟು. ಸಹಿ ಹಾಕಿ ಹೋಗುತ್ತಾರೆ ಎಂದುಕೊಂಡೆವು. ಮುಂದಿನ ಬುಧವಾರ ಪಸೇಕ್ ಎಂಬ ತಮ್ಮ ಊರಿನಿಂದ ಬಸ್ಸು ಹಿಡಿದು ಮತ್ತೆ ಬಂದರು. ನನ್ನ ಮೇಜಿನ ಎದುರು ನಿಂತು ಟೋಪಿ ತೆಗೆದು ಕೇಳಿದರು:

“ಸಿಕ್ಕಿದಳಾ?”

ನನಗೆ ತಿಳಿಯಲಿಲ್ಲ. “ಯಾರು?”

“ಕೋರಾ. ಮನೆಯಲ್ಲಿ ಬೇಸಿಗೆಯಿಡೀ ಹುಡುಕಿದೆ, ಸಿಗಲಿಲ್ಲ. ನೀವು ಇದನ್ನೇ ಕಲಿತವರಲ್ಲವೇ, ನಿಮಗೆ ಸಿಗಬಹುದು ಅಂತ ತಂದುಕೊಟ್ಟೆ.”

ಅವರ ಮಾತಿನ ಅರ್ಥ ಕೆಲಸ ಮುಂದುವರಿದಂತೆ ಆಯಿತು. ಒಬ್ಬರ ಮನೆಯಲ್ಲಿ ಉಳಿಯುವುದು ಅವರಿಗೆ ಬಂದ ಕಾಗದಗಳು. ಅವರು ಬರೆದವು ಇನ್ನೊಬ್ಬರ ಮನೆಯಲ್ಲಿರುತ್ತವೆ. ಇಷ್ಟು ಸರಳ ವಿಷಯ ಎಂ.ಎ. ಓದುವಾಗ ಒಮ್ಮೆಯೂ ಹೊಳೆದಿರಲಿಲ್ಲ. ಕೋರಾಳ ಪೆಟ್ಟಿಗೆಗಳಲ್ಲಿ ಎಲ್ಲರೂ ಇದ್ದರು. ಗೆಳತಿಯರು, ಸಂಪಾದಕರು, ಪುಸ್ತಕ ಬೇಡ ಎಂದ ಪ್ರಕಾಶಕರು, ಹಲ್ಲಿನ ಡಾಕ್ಟರು. ‘ನೀನು ಕೇಳಿದ ಪ್ರಶ್ನೆಗೆ ಉತ್ತರ ಹೀಗಿದೆ’ ಎಂದು ಎಲ್ಲರೂ ಬರೆದಿದ್ದರು. ಪ್ರಶ್ನೆ ಏನೆಂದು ಎಲ್ಲೂ ಇರಲಿಲ್ಲ. ಒಂದೇ ತುದಿಯ ಮಾತು ಕೇಳಿಸುವ ಟೆಲಿಫೋನಿನ ಹಾಗೆ.

ಕಾದಂಬರಿಗಳ ಹಸ್ತಪ್ರತಿ ಇದ್ದವು, ನಿಜ. ಮೊದಲ ಎರಡು ಮದುವೆಗೆ ಮುಂಚಿನವು, ಒಂದು ಆದ ಮೇಲೆ. ನಾಲ್ಕನೆಯದು ಎಂದು ಒಂದು ದಪ್ಪ ಕಟ್ಟು ಇತ್ತು. ಬಿಚ್ಚಿ ನೋಡಿದರೆ ಬರೀ ಮೊದಲ ಅಧ್ಯಾಯ. ಅದನ್ನೇ ಮತ್ತೆ ಮತ್ತೆ ಟೈಪ್ ಮಾಡಿದ್ದಳು. ಪ್ರತಿ ಸಲ ಒಬ್ಬ ಹೆಂಗಸು ಕೊಡೆ ಮರೆತು ಬಂದದ್ದು ನೆನಪಾಗಿ ಬಾಗಿಲ ಬಳಿ ನಿಲ್ಲುವಲ್ಲಿಗೆ ಬಂದು ಪುಟ ಖಾಲಿ. ಅದನ್ನು ಮಿಸ್ಟರ್ ಹ್ಯಾಸ್ಲಿಂಗ್‌ಗೆ ತೋರಿಸಿದೆ. ಬಹಳ ಹೊತ್ತು ಪುಟ ತಿರುವಿದರು.

“ಟೈಪ್‌ರೈಟರ್ ಸದ್ದು ದಿನವೂ ಕೇಳುತ್ತಿತ್ತು. ಬರೆಯುತ್ತಿದ್ದಾಳೆ ಅಂತ ನಾನು ರೇಡಿಯೋ ಕೂಡ ಹಾಕುತ್ತಿರಲಿಲ್ಲ. ಇದೇ ಪುಟ ಅಂತ ಯಾರಿಗೆ ಗೊತ್ತು?”

ಆಮೇಲೆ, ತಲೆ ಎತ್ತದೆ ಹೇಳಿದರು: “ನನ್ನನ್ನು ಮದುವೆಯಾಗಿ ಕೆಟ್ಟಳು ಅಂತ ಅವಳ ತಂಗಿ ಮಣ್ಣು ಮಾಡುವ ದಿನ ಎಲ್ಲರೆದುರು ಅಂದಳು. ಇರಬಹುದು. ನನ್ನ ಜೊತೆ ಜಗಳವಾಡಿದ್ದರೆ ಗೊತ್ತಾಗುತ್ತಿತ್ತು. ಅವಳು ಜಗಳವಾಡುತ್ತಿರಲಿಲ್ಲ. ಯಾರಿಗಾದರೂ ಬರೆದಿರಬೇಕಲ್ಲ, ಮಿಸೆಸ್ ಡಿ? ನನ್ನ ಬಗ್ಗೆ ಏನಾದರೂ ಒಂದು ಮಾತು. ಕೆಟ್ಟದ್ದಾದರೂ ಸರಿ.”

ದೇಸಾಯಿ ಎಂಬ ನನ್ನ ಅಡ್ಡಹೆಸರು ಅವರ ನಾಲಗೆಗೆ ಒಗ್ಗಲಿಲ್ಲ, ಮೊದಲ ದಿನದಿಂದ ಮಿಸೆಸ್ ಡಿ ಆಗಿದ್ದೆ. ಅಂದಿನಿಂದ ನಾನು ಹುಡುಕತೊಡಗಿದೆ. ಅವರ ಮೇಲಿನ ಕರುಣೆಯಿಂದ ಎಂದು ಈಗ ಬರೆಯಬಹುದು. ಆದರೆ ಆಗ ನನಗೆ ಅದೊಂದು ಆಟದ ಹಾಗೆಯೂ ಇತ್ತು ಎಂಬ ಗುಮಾನಿ ಇದೆ. ಮನೆಗೆ ಬಂದು ಇವರಿಗೆ ಹೇಳುತ್ತಿದ್ದೆ, ಇಂದು ಕೋರಾ ಇಷ್ಟು ಸಿಕ್ಕಳು ಎಂದು. ಇವರು ನಗುತ್ತಿದ್ದರು: “ಸತ್ತ ಮಂದಿ ಕಾಗದ ಓದಾಕ ರೊಕ್ಕಾ ಕೊಡ್ತಾರ ನೋಡು, ಎಂಥಾ ದೇಶಕ್ಕ ಬಂದೀವಿ!”

ಜನವರಿಯಲ್ಲಿ ಒಂದು ವಾಕ್ಯ ಸಿಕ್ಕಿತು. ಓಹಾಯೋದಲ್ಲಿದ್ದ ಮಾರ್ಗರೆಟ್ ಎಂಬ ಗೆಳತಿ ಬರೆದ ಕಾಗದ. ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಬರೆದುಕೊಳ್ಳುತ್ತಿದ್ದವರು. ‘ಪಕ್ಕದ ಮನೆ ಮುದುಕಿಯ ದಾರಿಯ ಹಿಮ ಮೊದಲು ತೆಗೆದು, ಆಮೇಲೆ ನಮ್ಮದಕ್ಕೆ ಕೈ ಹಾಕುತ್ತಾನೆ ವಾಲ್ಟರ್ ಎಂದು ನೀನು ಬರೆದದ್ದನ್ನು ಓದಿ ನಕ್ಕೂ ನಕ್ಕೂ ಸಾಕಾಯಿತು.’ ವಾಲ್ಟರ್ ಎಂದರೆ ನಮ್ಮ ಮಿಸ್ಟರ್ ಹ್ಯಾಸ್ಲಿಂಗ್. ಬುಧವಾರದವರೆಗೆ ಕಾಯುವುದೇ ಕಷ್ಟವಾಯಿತು. ಅವರು ಬಂದು ಟೋಪಿ ತೆಗೆಯುವ ಮೊದಲೇ ಕಾಗದ ಮುಂದಿಟ್ಟೆ.

ಅವರು ಓದಿದರು. ಇನ್ನೊಮ್ಮೆ ಓದಿದರು.

“ನಕ್ಕದ್ದು ಮಾರ್ಗರೆಟ್,” ಎಂದರು. “ಕೋರಾ ನಗುತ್ತಾ ಬರೆದಳಾ, ಸಿಟ್ಟಿನಲ್ಲಿ ಬರೆದಳಾ? ನನಗೆ ಬೇಕಾದದ್ದು ಅದು.”

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ನೀವು ಚೆನ್ನಾಗಿ ಹುಡುಕಿದ್ದೀರಿ. ಆದರೆ ಇದು ಅವಳಲ್ಲ,” ಎಂದು ಸೇರಿಸಿದರು.

ಇದಾದ ಮೇಲೆ ಮಿಸ್ ಕ್ರೆಗನ್ ಒಂದು ದಾರಿ ಹೇಳಿದರು. ಕಾಗದ ಬರೆದವರಿಗೆಲ್ಲ ಲೈಬ್ರರಿಯಿಂದ ಪತ್ರ ಹಾಕುವುದು: ಕೋರಾ ಹ್ಯಾಸ್ಲಿಂಗ್ ಅವರ ಪತ್ರಗಳು ನಿಮ್ಮಲ್ಲಿದ್ದರೆ ದಯವಿಟ್ಟು ನಮಗೆ ಕೊಡಿ, ಅಥವಾ ನಕಲು ಮಾಡಿಕೊಳ್ಳಲು ಕಳಿಸಿ. ಎಲ್ಲ ಲೈಬ್ರರಿಗಳೂ ಮಾಡುವ ಕೆಲಸವೇ. ನಾನೇ ಟೈಪ್ ಮಾಡಿದೆ. ಬೆರಳ ತುದಿ ಕತ್ತರಿಸಿದ ಉಣ್ಣೆ ಕೈಗವಸು ಹಾಕಿಕೊಂಡು ಟೈಪ್ ಮಾಡಿದ್ದು ನೆನಪಿದೆ, ಏಕೆಂದರೆ ಅಲ್ಲಿಯೂ ಹೀಟ್ ಇಳಿಸಿದ್ದರು.

ಫೆಬ್ರವರಿಯಲ್ಲಿ ಉತ್ತರಗಳು ಬರತೊಡಗಿದವು. ಒಬ್ಬರ ಮಗ ಬರೆದಿದ್ದ, ತಾಯಿ ಸತ್ತಾಗ ಎಲ್ಲ ಎಸೆದೆವು. ಒಬ್ಬಾಕೆ ಫ್ಲೋರಿಡಾಕ್ಕೆ ಹೋಗುವಾಗ ಹೊರೆ ಕಡಿಮೆ ಮಾಡಿಕೊಂಡಿದ್ದಳು. ಒಬ್ಬ ಸಂಪಾದಕನಿಗೆ ಕೋರಾ ಯಾರೆಂದೇ ನೆನಪಿರಲಿಲ್ಲ, ಆದರೂ ಲೈಬ್ರರಿಗೆ ಶುಭ ಕೋರಿದ್ದ. ಪ್ರತಿ ಬುಧವಾರ ಅದನ್ನೆಲ್ಲ ಓದಿ ಹೇಳುತ್ತಿದ್ದೆ. ಮಿಸ್ಟರ್ ಹ್ಯಾಸ್ಲಿಂಗ್ ಗಣಿತದ ಮೇಷ್ಟ್ರ ಹಾಗೆ ತಲೆಯಾಡಿಸುತ್ತಿದ್ದರು. ತಪ್ಪು ಉತ್ತರ, ಮುಂದಿನ ಹುಡುಗ ಹೇಳಲಿ ಎನ್ನುವ ಹಾಗೆ.

ಕೊನೆಗೆ ಮಾರ್ಗರೆಟ್‌ಳಿಂದ ಒಂದು ಕಾರ್ಡು ಬಂತು. ಕೋರಾ ಬರೆದ ಕಾಗದಗಳು ಅಷ್ಟೂ ಅವಳ ಹತ್ತಿರ ಇದ್ದವು. ಅಟ್ಟದಲ್ಲಿ, ಹ್ಯಾಟಿನ ಡಬ್ಬಿಯೊಂದರಲ್ಲಿ. ಅದನ್ನು ಅಲ್ಲಿಟ್ಟು ಮರೆತೇಬಿಟ್ಟಿದ್ದೆ, ಚಳಿ ಸ್ವಲ್ಪ ಇಳಿದ ಮೇಲೆ ಯಾರ ಕೈಲಾದರೂ ಇಳಿಸುತ್ತೇನೆ, ಆಮೇಲೆ ಬರೆಯುತ್ತೇನೆ ಎಂದಿದ್ದಳು.

ಆ ಬುಧವಾರ ಮಿಸ್ಟರ್ ಹ್ಯಾಸ್ಲಿಂಗ್ ಕೂತುಕೊಳ್ಳಲೇ ಇಲ್ಲ. ಮೇಜಿನಿಂದ ಗೋಡೆಯ ಮೇಲ್ಗಡೆಯ ಸಣ್ಣ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ತಿರುಗಿದರು. “ಓಹಾಯೋದಲ್ಲಿ ಚಳಿ ಯಾವಾಗ ಇಳಿಯುತ್ತೆ?” ಎಂದು ಮಿಸ್ ಕ್ರೆಗನ್‌ರನ್ನು ಕೇಳಿದರು. “ನಾನು ಲೈಬ್ರೇರಿಯನ್, ಹವಾಮಾನದವಳಲ್ಲ,” ಎಂದರು ಆಕೆ. ಆದರೆ ಎದ್ದುಹೋಗಿ ಅವರಿಗೆ ಕಾಫಿ ತಂದುಕೊಟ್ಟರು. ನೆಲಮಾಳಿಗೆಯಲ್ಲಿ ಕಾಫಿ ನಿಷಿದ್ಧ. ಅದೊಂದು ದಿನ ಮಾತ್ರ ನಡೆಯಿತು.

ಮಾರ್ಚಿನ ಒಂದು ಸಂಜೆ ಕೆಲಸದಿಂದ ಮನೆಗೆ ಬಂದೆ. ಬಾಗಿಲು ತೆಗೆದ ಇವರ ತಲೆ ಒದ್ದೆಯಾಗಿತ್ತು. ಆ ಚಳಿಯಲ್ಲಿ ಸಂಜೆ ಹೊತ್ತು ಯಾಕೆ ತಲೆಗೆ ನೀರು ಹಾಕಿಕೊಂಡರು ಎಂದು ಬೈಯಲು ಬಾಯಿ ತೆರೆದೆ.

“ಕುಸುಮಾ, ಕೂಡು. ಮೊದಲ ಕೂಡು.”

“ಯಾಕ್ರಿ? ಏನಾತು?”

“ನಿಮ್ಮಣ್ಣನ ಕಾಗದ ಬಂದಿತ್ತು. ಅವ್ವ ಹೋದರು.”

ಕೂತೆನೋ ಇಲ್ಲವೋ. ಬಾಯಿಂದ ಬಂದದ್ದು ಮಾತ್ರ ಇದು: “ಕಾಗದ ಎಲ್ಲೆ?”

“ಹರದೆ.”

“ಹರದ್ರಿ?”

“ಸಾವಿನ ಕಾಗದ ಯಾರರೆ ಮನ್ಯಾಗ ಇಟ್ಕೋತಾರೇನು? ಓದಿದೆ, ಹರದೆ, ಹೊರಗ ಕಸದ ಬಾಗಲದಾಗ ಹಾಕಿ ಬಂದು ಸ್ನಾನ ಮಾಡೀನಿ. ನೀನೂ ತಲಿ ಮ್ಯಾಲೆ ನೀರು ಹಾಕ್ಕೊ, ಏಳು.”

“ನಾ ಓದೇ ಇಲ್ಲಲ್ಲ!”

“ನಾ ಓದೀನಲ್ಲ. ಹೇಳ್ತೀನಲ್ಲ.”

ಇವರು ಮಾಡಿದ್ದು ತಪ್ಪಲ್ಲ. ಇದನ್ನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಕೆಟ್ಟ ಸುದ್ದಿಯನ್ನು ಮಗಳಿಗೆ ನೇರ ಬರೆಯದೆ ಅಳಿಯನ ಹೆಸರಿಗೆ ಬರೆಯುವುದು ನಮ್ಮ ಕಡೆಯ ರೀತಿ. ಧಾರವಾಡದ ನಮ್ಮ ಮನೆಯಲ್ಲಿ ಬಂದ ಕಾಗದಗಳನ್ನೆಲ್ಲ ಬಾಗಿಲ ಪಕ್ಕದ ಕೊಕ್ಕೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಸಾವಿನ ಕಾಗದ ಮಾತ್ರ ಆ ತಂತಿಗೆ ಹೋಗುತ್ತಿರಲಿಲ್ಲ. ಅಂಥ ಕಾಗದ ಬಂದರೆ ಅವ್ವ ಅಣ್ಣನನ್ನು ಹಿತ್ತಲಿಗೆ ಕರೆದು ಓದಿಸುತ್ತಿದ್ದಳು. ಕೇಳಿ ಮುಗಿದ ಕೂಡಲೇ ತಾನೇ ಕೈಯಿಂದ ಇಸಿದುಕೊಂಡು ಚೂರು ಚೂರು ಮಾಡಿ ಎಸೆದು ಬಚ್ಚಲಿಗೆ ಹೋಗುತ್ತಿದ್ದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ನನಗೆ ಬರುತ್ತಿದ್ದ ಅವ್ವನ ಕಾಗದಗಳೂ ಅವಳು ಹೇಳಿದಂತೆ ಅಣ್ಣ ಬರೆದವು. ಅವಳು ಏನು ಹೇಳಿದಳೋ, ಅವನು ಎಷ್ಟು ಬರೆದನೋ. ನಾನು ಅವ್ವ ಎಂದು ಓದುತ್ತಿದ್ದದ್ದು ಅಣ್ಣನ ವಾಕ್ಯಗಳನ್ನು.

ಇದೆಲ್ಲ ಆಗ ಯೋಚನೆಗೆ ಬರಲಿಲ್ಲ. ಕಾರಿಡಾರಿಗೆ ಓಡಿದೆ. ಗೋಡೆಯ ಕಬ್ಬಿಣದ ಬಾಗಿಲು ಜಗ್ಗಿದೆ. ಬಿಸಿ ಗಾಳಿ ಮುಖಕ್ಕೆ ರಾಚಿತು, ಮಸಿಯ ಜೊತೆ. ಕೆಳಗೆ ಎಲ್ಲೋ ಆಳದಲ್ಲಿ ಒಲೆ ಉರಿಯುತ್ತಿತ್ತು. ಆ ಹೊತ್ತಿಗೇ ದಿನದ ಕಸ ಸುಡುತ್ತಿದ್ದರು. ತುಕ್ಕು ಹಿಡಿದ ಪಿನ್ನನ್ನೂ ಬಿಡದೆ ಲಕೋಟೆಯೊಳಗೆ ತೆಗೆದಿಡುವ ಕೆಲಸ ಮುಗಿಸಿ ಬಂದವಳು ನಾನು. ಬೆರಳುಗಳಲ್ಲಿ ಇನ್ನೂ ಪೆನ್ಸಿಲಿನ ಕಪ್ಪು ಇತ್ತು.

ಇವರು ಹಿಂದೆಯೇ ಬಂದು ಹೆಗಲ ಮೇಲೆ ಕೈ ಇಟ್ಟರು.

“ಏನ ಬರದಿದ್ದ ಅಣ್ಣ? ಎಲ್ಲಾ ಹೇಳ್ರಿ. ಬರದಂಗ ಹೇಳ್ರಿ.”

“ಜ್ವರ ಬಂದಿತ್ತಂತ. ತ್ರಾಸ ಆಗಲಿಲ್ಲಂತ. ಕಡೀಗೆ ನಿನ್ನ ನೆನಸಿದರಂತ, ಕುಸುಮಾ. ‘ಕುಸುಮಾ ಉಂಡಳೇನು?’ ಅಂದ್ರಂತ. ಅಷ್ಟ.”

ಅಲ್ಲೇ, ಕಸದ ಬಾಗಿಲ ಎದುರು ಅತ್ತೆ. ಎದುರು ಮನೆಯವರು ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಂಡರು.

ಕಾಗದ ಕಡಲು ದಾಟಿ ಬರುವಷ್ಟರಲ್ಲಿ ಊರಿನಲ್ಲಿ ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಇವರು ಹೇಳಿದ ತಿಥಿ ಹಿಡಿದು ಲೆಕ್ಕ ಹಾಕಿ, ಅವ್ವ ಹೋದ ದಿನದ ಡೈರಿ ತೆಗೆದು ನೋಡಿದೆ. ‘ಉಪ್ಪಿಟ್ಟು ಮಾಡಿದೆ. ಹಿಮ ಕರಗುತ್ತಿದೆ. ಟೀವಿ ನೋಡಿ ಬಹಳ ನಕ್ಕೆವು.’ ನನ್ನದೇ ಅಕ್ಷರ. ಏನು ನೋಡಿ ನಕ್ಕೆವೋ ಇಂದಿಗೂ ಹೊಳೆದಿಲ್ಲ.

ಕೊಟ್ಟ ಮಗಳಿಗೆ ಮೂರು ದಿನದ ಮೈಲಿಗೆ. ಮೂರು ದಿನ ಮನೆಯಲ್ಲಿ ಕೂತೆ. ನಾಲ್ಕನೆಯ ದಿನ ಲೈಬ್ರರಿಗೆ ಹೋದಾಗ ಮೇಜಿನ ಮೇಲೆ ಮಾರ್ಗರೆಟ್‌ಳ ಪತ್ರ ಇತ್ತು. ತೆಳ್ಳನೆಯ ಲಕೋಟೆ. ನೋಡಿದ ಕೂಡಲೇ, ಡಬ್ಬಿಯ ಕಾಗದ ಇದರಲ್ಲಿಲ್ಲ ಎಂದು ತಿಳಿಯಿತು.

ಅಂದವಾದ ಅಕ್ಷರದ ವಿನಯದ ಪತ್ರ. ಡಬ್ಬಿ ಇಳಿಸಿದೆ, ಎರಡು ದಿನ ಕೂತು ಎಲ್ಲವನ್ನೂ ಓದಿದೆ, ಎಷ್ಟು ಒಳ್ಳೆಯ ಕಾಗದಗಳು ಎಂದು ಬರೆದಿದ್ದಳು. ಆಮೇಲೆ, ಹುಡುಗಿಯರಾಗಿದ್ದಾಗ ಅವರಿಬ್ಬರೂ ಒಂದು ಮಾತು ಕೊಟ್ಟುಕೊಂಡಿದ್ದರಂತೆ. ಯಾರು ಮೊದಲು ಹೋಗುತ್ತಾರೋ ಅವರ ಕಾಗದಗಳನ್ನು ಇನ್ನೊಬ್ಬಳು ಸುಡಬೇಕು. ‘ಅದು ನನಗೆ ಮರೆತೇ ಹೋಗಿತ್ತು. ನಿಮ್ಮ ಪತ್ರ ಬಾರದಿದ್ದರೆ ಅವು ಅಟ್ಟದಲ್ಲಿಯೇ ಇರುತ್ತಿದ್ದವು, ನಾನು ಮಾತು ತಪ್ಪಿದವಳಾಗಿ ಸಾಯುತ್ತಿದ್ದೆ. ನೆನಪಿಸಿದ್ದಕ್ಕೆ ನಿಮ್ಮ ಲೈಬ್ರರಿಗೆ ನಾನು ಋಣಿ.’

ಮಿಸ್ ಕ್ರೆಗನ್ ಅದನ್ನು ಓದಿ, ಮಡಚಿ, ಮತ್ತೆ ಬಿಚ್ಚಿದರು. “ಈ ಕೆಲಸದಲ್ಲಿ ಇದೊಂದು ಆಗುತ್ತೆ,” ಎಂದರು. “ಕೇಳದಿದ್ದರೆ ಇಲಿ ತಿನ್ನುತ್ತೆ. ಕೇಳಿದರೆ ಸುಡುತ್ತಾರೆ.” ಪತ್ರದ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ ನನ್ನ ಕೈಗೆ ಕೊಟ್ಟರು. ಅದನ್ನೂ ಫೋಲ್ಡರಿಗೆ ಸೇರಿಸಬೇಕಿತ್ತು.

ಬುಧವಾರ ಬಂತು. ಹೊರಗೆ ಮಳೆ. ಮಿಸ್ಟರ್ ಹ್ಯಾಸ್ಲಿಂಗ್ ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದರು. ಕುತ್ತಿಗೆಯ ಹಿಂದೆ ಚರ್ಮ ಕೆಂಪಾಗಿತ್ತು. “ಚಳಿ ಇಳಿಯಿತು,” ಎಂದರು ನಗುತ್ತಾ. ಆಮೇಲೆ ಎಂದಿನಂತೆ: “ಸಿಕ್ಕಿದಳಾ?”

ಪತ್ರ ಅವರ ಕೈಗೇ ಕೊಟ್ಟೆ. ಓದಿ ಹೇಳುವುದು ಆಗಲಿಲ್ಲ. ಅವರು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಮಳೆಯ ಹನಿ ಕೋಟಿನಿಂದ ನೆಲಕ್ಕೆ ಬೀಳುತ್ತಿತ್ತು. ಕಾಗದ ಒದ್ದೆಯಾಗದಂತೆ ಕೈ ದೂರ ಹಿಡಿದಿದ್ದರು. ಅಷ್ಟು ದಿನ ಬಂದು ಬಂದು ನಮ್ಮ ಮಡಿ ಅವರಿಗೂ ಅಂಟಿತ್ತು.

“ಮಾರ್ಗರೆಟ್ ಓದಿದ್ದಾರಲ್ಲ,” ಎಂದೆ. “ಏನಿತ್ತು ಅಂತ ಅವರನ್ನೇ ಕೇಳಬಹುದು. ನಾನೇ ಬರೆಯುತ್ತೇನೆ. ಅವರು ಹೇಳುತ್ತಾರೆ.”

“ಹೇಳುತ್ತಾಳೆ,” ಎಂದರು. “ಮಾರ್ಗರೆಟ್ ಒಳ್ಳೆಯವಳು. ಒಬ್ಬ ಮುದುಕನಿಗೆ ಏನು ಹೇಳಬೇಕೋ ಅದನ್ನೇ ಹೇಳುತ್ತಾಳೆ. ಅದನ್ನಿಟ್ಟುಕೊಂಡು ನಾನೇನು ಮಾಡಲಿ, ಮಿಸೆಸ್ ಡಿ?”

ಆ ಮಾತು ನನ್ನೊಳಗೆ ಎಲ್ಲಿಗೆ ಹೋಗಿ ತಾಗಿತೆಂದು ಅವರಿಗೆ ತಿಳಿಯುವಂತಿರಲಿಲ್ಲ. ಅವ್ವ ಹೋದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಕುಸುಮಾ ಉಂಡಳೇನು. ಅಂದಿನಿಂದ ಆ ಒಂದು ಮಾತನ್ನು ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ ಬಂದಿದ್ದೆ, ಅದರ ಬಲದ ಮೇಲೆ ತುತ್ತು ಎತ್ತಿದ್ದೆ. ಈಗ ಮೊದಲ ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಗಂಡನೂ ಒಳ್ಳೆಯವರು.

ಮಿಸ್ಟರ್ ಹ್ಯಾಸ್ಲಿಂಗ್ ಕೊನೆಯ ಸಲ ಬಂದದ್ದು ಏಪ್ರಿಲಿನಲ್ಲಿ, ಕೆಲಸ ಮುಗಿಯಿತೆಂದು ಮಿಸ್ ಕ್ರೆಗನ್ ಬರೆದು ಕರೆಸಿದಾಗ. ಒಂದು ಸಂಗ್ರಹ ಸಿದ್ಧವಾದಾಗ ಅದರ ವಿವರಪಟ್ಟಿ ಮಾಡಿ, ಮೊದಲ ಪುಟದಲ್ಲಿ ಬರೆದವರ ಬದುಕನ್ನು ಕೆಲವು ಸಾಲುಗಳಲ್ಲಿ ಹೇಳುವುದು ಪದ್ಧತಿ. ಅದನ್ನು ನಾನು ಬರೆದಿದ್ದೆ. ಹುಟ್ಟಿದ ಊರು, ಮೂರು ಪುಸ್ತಕಗಳ ಹೆಸರು. ಆಮೇಲೆ, ‘ಮದುವೆಯ ನಂತರ ಹೆಚ್ಚು ಬರೆಯಲಿಲ್ಲ.’ ಅದರ ಕೆಳಗೆ ಪೆಟ್ಟಿಗೆಗಳ ವಿವರ. ‘ಪತ್ರವ್ಯವಹಾರ: ಬಂದ ಕಾಗದಗಳು ಮಾತ್ರ.’

ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಮದುವೆಯ ಸಾಲಿನ ಮೇಲೆ ಬೆರಳು ನಿಂತಿತು.

“ಇಲ್ಲಿ ಕಾರಣ ಬರೆಯುವ ಜಾಗ ಇದೆಯಾ?”

“ಕಾಗದಗಳಲ್ಲಿ ಇರುವುದನ್ನಷ್ಟೇ ನಾವು ಬರೆಯುವುದು,” ಎಂದರು ಮಿಸ್ ಕ್ರೆಗನ್. ಕಟುವಾಗಿ ಹೇಳಲಿಲ್ಲ.

“ಸರಿ. ಇದು ನಿಜ. ಇರಲಿ,” ಎಂದರು ಅವರು. ಟೋಪಿ ಹಾಕಿಕೊಂಡರು. ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳವನ್ನು, ಅದು ಸರಿಯಾಗಿಯೇ ಇದ್ದರೂ, ಒಮ್ಮೆ ಒತ್ತಿ ಕೂಡಿಸಿದರು. ಮತ್ತೆ ಬರಲಿಲ್ಲ. ಬದುಕಿದ್ದರೋ ಇಲ್ಲವೋ ನಮಗೆ ತಿಳಿಯಲಿಲ್ಲ. ನಾನು ಆ ಲೈಬ್ರರಿಯಲ್ಲಿ ಬಹಳ ವರ್ಷ ಇದ್ದೆ. ಅಷ್ಟು ವರ್ಷದಲ್ಲಿ ಕೋರಾ ಹ್ಯಾಸ್ಲಿಂಗ್‌ಳ ಪೆಟ್ಟಿಗೆ ಬೇಕೆಂದು ಯಾರೂ ಕೇಳಲಿಲ್ಲ. ಅವಳ ಬಗ್ಗೆ ಲೋಕದಲ್ಲಿ ಉಳಿದಿರುವ ಮಾತು ನಾನು ಬರೆದ ಆ ಸಾಲು.

ಎರಡು ವರ್ಷದ ಮೇಲೆ ಧಾರವಾಡಕ್ಕೆ ಹೋದೆವು. ಅಣ್ಣನನ್ನು ಕೇಳಬಾರದು ಎಂದುಕೊಂಡೇ ಹೋಗಿದ್ದೆ. ಇವರು ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಕೇಳಿಬಿಟ್ಟೆ.

“ಅಣ್ಣಾ, ಅವ್ವ ಹೋದಾಗ ಕಾಗದ ಬರದಿದ್ದ್ಯಲ್ಲ, ಅದರಾಗ ಏನ ಬರದಿದ್ದಿ?”

“ಏನ ಬರೀತಾರ? ಎಲ್ಲಾರಿಗೂ ಒಂದ ನಮೂನಿ ಬರದಿದ್ದೆ. ಹಿಂಗಾತು, ಇಂಥಾ ದಿವಸ, ಅಂತ. ಯಾಕ?”

“ಕಡೀಗೆ ಅವ್ವ ಏನರೆ ಅಂದಳೇನು?”

ಅಣ್ಣ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. “ಮಾತೆಲ್ಲಿ ಬಂತವಾ? ಕಡೀ ಎರಡು ದಿನ ಮಾತ ಹೋಗಿತ್ತು ಆಕೀಗೆ. ಕಣ್ಣ ಅಷ್ಟ ತಿರಗಸ್ತಿದ್ದಳು.” ನನ್ನನ್ನು ನೋಡಿ, “ಅದಕ್ಕೂ ಮೊದಲ ಅಂದಿರಬೇಕು ಬಿಡು, ಏನರೆ. ನಂಗ ನೆನಪಿಲ್ಲ,” ಎಂದ. ಅಣ್ಣನೂ ಒಳ್ಳೆಯವನು.

ಇವರನ್ನು ಕೇಳಲಿಲ್ಲ. ಕೇಳಿದರೆ ಎರಡರಲ್ಲಿ ಒಂದಾಗುತ್ತಿತ್ತು: ಆ ಮಾತು ಹೋಗುತ್ತಿತ್ತು, ಇಲ್ಲವೇ ಇವರು ಇನ್ನೊಮ್ಮೆ ಅದನ್ನೇ ಹೇಳುತ್ತಿದ್ದರು. ಎರಡೂ ಬೇಡವಾಗಿತ್ತು. ಮುಂದೆ ಮಗಳು ಹುಟ್ಟಿದಳು. ಪ್ರತಿ ವರ್ಷ ಅವ್ವನ ತಿಥಿಯ ದಿನ ಇವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು: “ನಿಮ್ಮಜ್ಜಿ ಕಡೀಗೆ ಏನಂದ್ರು ಗೊತ್ತೇನು?” ಹೇಳುತ್ತಾ ಹೇಳುತ್ತಾ ಇವರ ಕಣ್ಣು ತುಂಬುತ್ತಿತ್ತು. ತಾನೇ ಕಟ್ಟಿದ ಮಾತಿಗೆ ಮನುಷ್ಯ ಅಷ್ಟು ವರ್ಷ ಅಳಬಲ್ಲನೇ? ಬಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅಣ್ಣನೇ ಮರೆತಿರಬಹುದು ಎಂದೂ ಅನ್ನಿಸುತ್ತದೆ. ಆ ಸಂಜೆ ನಾನು ಬರುವ ಮುಂಚೆ, ಒಬ್ಬರೇ ಕಾಗದ ಹರಿಯುವಾಗ, ಇವರು ಅಳುತ್ತಿದ್ದರೋ, ನನಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದರೋ? ಇವರು ಹೋಗಿ ಮೂರು ವರ್ಷವಾಯಿತು. ಕೇಳಿದ್ದರೂ ಹೇಳುತ್ತಿದ್ದವರು ಇವರೇ.

ಜ್ಯಾಕ್ಸನ್ ಹೈಟ್ಸ್‌ನ ಕಾರಿಡಾರಿನಲ್ಲಿ ಮಗಳು ಹುಡುಕಿಕೊಂಡು ಬಂದಳು. “ಅಮ್ಮಾ, ವಾಟ್ ಆರ್ ಯೂ ಡೂಯಿಂಗ್ ಹಿಯರ್?” ಎಂದು ಕೈಯಿಂದ ಚೀಲ ತೆಗೆದುಕೊಂಡು ಬಾಗಿಲೊಳಗೆ ತಳ್ಳಿದಳು. ಅದು ಗೋಡೆಗೆ ಬಡಿಯುತ್ತಾ ಕೆಳಗೆ ಹೋದದ್ದು ಕೇಳಿಸಿತು.

ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲೇ. ಬಾಯಿಂದ ಬರುವ ಪೂರಾ ಕನ್ನಡ ವಾಕ್ಯ ಒಂದೇ. ಅಪ್ಪ ಹೋದ ಮೇಲೆ ದಿನವೂ ಸಂಜೆ ನನಗೆ ಫೋನ್ ಮಾಡುತ್ತಾಳೆ. ನಾನು ಹಲೋ ಎನ್ನುವ ಮೊದಲೇ, ಅಜ್ಜಿಯ ದನಿ ಎಂದು ತಾನು ಅಂದುಕೊಂಡಿರುವ ದನಿಯಲ್ಲಿ, ಕೇಳುತ್ತಾಳೆ.

“ಕುಸುಮಾ ಉಂಡಳೇನು?”

ಉಂಡೆ ಎನ್ನುತ್ತೇನೆ.